ಸೂಲಗಿತ್ತಿಯ ಸಾಕ್ಷಿ

ತೆಯೋಫಿಲಾ ಹೆತ್ತು ವಾರ ಕಳೆದಿತ್ತು. ಮಗುವಿನ ಹೆಸರು ಮಾತ್ರ ಚರ್ಚಿನ ಜನನ ಪುಸ್ತಕಕ್ಕೆ ಏರಿರಲಿಲ್ಲ. ಗಂಡ ಬೇಸಿಗೆಯಲ್ಲೇ ತೀರಿಕೊಂಡಿದ್ದ. ಬರೆಸಲು ಇಬ್ಬರು ಸಾಕ್ಷಿಗಳು ಬೇಕು, ಆದರೆ ಊರಿನ ಗಂಡಸರು ಯಾರೂ ಮುಂದೆ ಬರಲಿಲ್ಲ. ಮೈದುನ ವಾಲೆಂಟಿಗೆ ಅಣ್ಣನ ಹೊಲದ ಮೇಲೆ ಕಣ್ಣು; ಮಗು ಅಣ್ಣನದೆಂದು ಪುಸ್ತಕದಲ್ಲಿ ಬರೆಯದಿದ್ದರೆ ಅದು ತನಗೇ ಸಿಗುತ್ತದೆಂಬ ಆಸೆ. ಹಿಟ್ಟಿನ ಗಿರಣಿಯೂ ಅವನದೇ. ಅವನನ್ನು ಎದುರು ಹಾಕಿಕೊಂಡು ಬದುಕುವುದು ಹೇಗೆ?

ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಬ್ರಿಗಿಡಾ ಬಾಣಂತಿಗೆ ಗಂಜಿ ಕುಡಿಸುತ್ತಿದ್ದಾಗ ಶಾಲೆಯ ಟೀಚರ್ ಕಜಿಮೇರಾ ಬಂದಳು. ಅವಳು ಲುಬ್ಲಿನ್ ಪಟ್ಟಣದ ಮಹಿಳಾ ಸಂಘದವಳು.

"ಬ್ರಿಗಿಡಕ್ಕ, ನೀವೇ ಸಾಕ್ಷಿ ನಿಲ್ಲಿ. ಜೊತೆಗೆ ನಾನಿದ್ದೀನಿ."

"ನನ್ನ ಕೈಯಲ್ಲಿ ಹುಟ್ಟಿದ ಕೂಸುಗಳಿಗೂ ಹೆಂಡದಂಗಡೀಲಿ ಕೂತಿದ್ದೋರನ್ನ ಎಬ್ಬಿಸ್ಕೊಂಡು ಬಂದು ಸಾಕ್ಷಿ ಹಾಕ್ಸಿದ್ರು. ಹೆಂಗಸ್ರ ಮಾತು ಯಾರು ಬರ್ಕೋತಾರೆ ಟೀಚರಮ್ಮ?"

"ಈ ವರ್ಷ ಕಾನೂನು ಬದಲಾಯ್ತಲ್ಲ. ಈಗ ನಾವೂ ಸಾಕ್ಷಿ ನಿಲ್ಲಬಹುದು."

"ಅದು ತಾನಾಗೇ ಬದಲಾಯ್ತಾ?"

"ಎಲ್ಲಿಯ ಮಾತು. ಈ ಹಕ್ಕು ಬೇಕು ಅಂತ ಸಂಘದೋರು ವರ್ಷಗಟ್ಟಲೆ ಮನೆಮನೆ ತಿರುಗಿದ್ರು. ಮುಖದ ಮೇಲೆ ಬಾಗಿಲು ಹಾಕಿಸ್ಕೊಂಡ್ರು, ಬೈಸಿಕೊಂಡ್ರು. ಮೊದಲು ಹೊರಟೋರಲ್ಲಿ ಎಷ್ಟೋ ಜನ ಈ ದಿನ ನೋಡೋಕೆ ಉಳಿದೇ ಇಲ್ಲ."

ಭಾನುವಾರ ಪೂಜೆ ಮುಗಿದ ಮೇಲೆ ಬ್ರಿಗಿಡಾ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಪಾದ್ರಿಗಳ ಕಚೇರಿಗೆ ತಾನೇ ಮುಂದಾಗಿ ಹೊರಟಳು; ಹಿಂದೆ ತೆಯೋಫಿಲಾ, ಕಜಿಮೇರಾ ಬಂದರು. ಬಾಗಿಲಲ್ಲೇ ವಾಲೆಂಟಿ ನಿಂತಿದ್ದ.

"ಏನಜ್ಜಿ, ಸೂಲಗಿತ್ತಿ ಕೆಲಸ ಬಿಟ್ಟು ವಕೀಲಿಕೆ ಶುರು ಮಾಡಿದ್ಯಾ?"

"ನಿನ್ನನ್ನೂ ಹೊರಗೆ ತೆಗೆದೋಳು ನಾನೇ ಕಣಪ್ಪ. ದಾರಿ ಬಿಡು."

ಪಾದ್ರಿಗಳು ಹೊಸ ಕಾನೂನು ಓದಿದ್ದರು. ಕೇಳಿದ್ದಕ್ಕೆಲ್ಲ ಬ್ರಿಗಿಡಾ ತಡವರಿಸದೆ ಉತ್ತರಿಸಿದಳು. ಪುಸ್ತಕದಲ್ಲಿ ಮಗುವಿನ ಹೆಸರು, ತೀರಿಹೋದ ಅಪ್ಪನ ಹೆಸರು ಎರಡೂ ಬಿದ್ದವು. ಕೆಳಗೆ ಇಬ್ಬರು ಹೆಂಗಸರ ಸಹಿ. ತೆಯೋಫಿಲಾ ಅಳುತ್ತಾ ಬ್ರಿಗಿಡಾಳ ಕೈಗೆ ಮುತ್ತಿಟ್ಟಳು.

"ನನಗಲ್ಲ ಮಗಳೇ," ಎಂದಳು ಬ್ರಿಗಿಡಾ. "ನಮಗೋಸ್ಕರ ಬೈಸಿಕೊಂಡ ಆ ತಾಯಂದಿರಿಗೆ ಕೈ ಮುಗಿ. ಅವರ ಮುಖವನ್ನೂ ನಾನು ನೋಡಿಲ್ಲ."

ವಾಲೆಂಟಿ ಟೋಪಿ ತೆಗೆದು ಹತ್ತಿರ ಬಂದ. ಮಗುವನ್ನು ಬಹಳ ಹೊತ್ತು ನೋಡಿದ.

"ಅಣ್ಣನ ಮೂಗೇ," ಎಂದ ಮೆಲ್ಲಗೆ. "ಗಿರಣಿಗೆ ಬಾ ಅತ್ತಿಗೆ. ಮನೆಗೆ ಹಿಟ್ಟು ಬೇಕಲ್ಲ."

ಅಕ್ಕ ತಂಗಿಯರೇ, ನಾವು ಇಂದು ಹಾಕುವ ಸಹಿ, ಕೊಡುವ ಸಾಕ್ಷಿ, ಒತ್ತುವ ಮತ ಯಾವುದೂ ಪುಕ್ಕಟೆ ಬಂದದ್ದಲ್ಲ. ಯಾರೋ ಹೆಂಗಸರು ನಮಗಾಗಿ ಊರೂರು ನಡೆದಿದ್ದಾರೆ. ಆ ಋಣ ತೀರಿಸುವ ದಾರಿ ಒಂದೇ: ನಿಮ್ಮ ಹಕ್ಕು ತಿಳಿದುಕೊಳ್ಳಿ, ಬಳಸಿ, ಪಕ್ಕದ ಮನೆಯವಳನ್ನೂ ಕೈಹಿಡಿದು ಕರೆತನ್ನಿ.