ತುಳಸಿ ಕದಿರು, ಸೌತೆ ಬೀಜ

ಶೀಲಾವತಿ ದೊಡ್ಡಮ್ಮ ದಿನಾ ಬೆಳಿಗ್ಗೆ ತುಳಸಿಯ ಕದಿರು ಚಿವುಟುತ್ತಾರೆ. ಹೂವಿನ ಕದಿರು ತುಳಸಿಯ ತಲೆಗೆ ಭಾರ ಎಂದು ಅವರ ನಂಬಿಕೆ. ನಾನು ಪಕ್ಕದಲ್ಲಿ ಬುಟ್ಟಿ ಹಿಡಿದು ನಿಲ್ಲುತ್ತೇನೆ. ಮುಂಬಯಿಯ ಬೈಕುಲ್ಲಾದಲ್ಲಿರುವ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ನಮ್ಮ ಕುಂಡಗಳಿವೆ.

ಫೆಬ್ರವರಿಯ ಒಂದು ದಿನ ಕದಿರು ಚಿವುಟಿ ಮುಗಿಸಿ ಅವರು ಸೌತೆಬಳ್ಳಿಯ ಹತ್ತಿರ ಹೋದರು. ಬಳ್ಳಿ ತುಂಬ ಹೂವಿತ್ತು. ಬೆರಳಿನಷ್ಟಿದ್ದ ಮಿಡಿಗಳು ಮಾತ್ರ ಹಳದಿಯಾಗಿ ಬಿದ್ದಿದ್ದವು.

"ಕಿತ್ತು ಬಿಸಾಡು," ಎಂದರು ಸುಕೇಶ್ ದೊಡ್ಡಪ್ಪ. ಅವರಿಗೆ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಕೆಲಸ. "ಮಂಗಳೂರು ಸೌತೆ ಮಾಟುಂಗದಲ್ಲಿ ರಾಶಿ ಹಾಕಿರ್ತಾರೆ. ನಾನೇ ಹೊತ್ತು ತರ್ತೇನೆ."

"ಅದು ನನ್ನ ಅಮ್ಮನ ಬೀಜ ಅಲ್ಲ."

ತೀರಿಹೋದ ಅಜ್ಜಿ ಬೂದಿ ಹಚ್ಚಿ ಇಟ್ಟಿದ್ದ ಕೊನೆಯ ಬೀಜಗಳು ಅವು. ಎಲ್ಲವನ್ನೂ ಬಿತ್ತಿಯಾಗಿತ್ತು. ಕಾಯಿ ಹಣ್ಣಾದರೆ ಮಾತ್ರ ಮುಂದೆ ಬೀಜ.

ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆಯ ಅನುರಾಧಕ್ಕ ಬಗ್ಗಿ ನೋಡಿದರು. "ಬಳ್ಳಿ ಚೆನ್ನಾಗೇ ಇದೆ ಶೀಲಕ್ಕ. ಗಂಡುಹೂವಿನ ಪುಡಿ ಹೆಣ್ಣುಹೂವಿಗೆ ತಲುಪ್ತಾ ಇಲ್ಲ. ಜೇನು ಬರತ್ತಾ ಇಲ್ಲಿ?"

"ಜೇನು ಯಾಕೆ ಮಾರಾಯ್ತಿ? ಗೂಡು ಕಟ್ಟಿದ್ರೆ ಸೊಸೈಟಿಯವರು ನನಗೇ ಹೊಗೆ ಹಾಕ್ತಾರೆ."

"ಹೂವಿಗೆ ಬರೋ ಜೇನು ತಿಂದು ಹೋಗತ್ತೆ. ನಿಮ್ಮ ಯಜಮಾನರ ಹೋಟೆಲಿಗೆ ಬಂದೋರು ಅಲ್ಲೇ ಮನೆ ಮಾಡ್ತಾರಾ?"

"ಒಂದು ಚಹಾ ತಗೊಂಡು ಮಧ್ಯಾಹ್ನದವರೆಗೆ ಕೂತುಕೊಳ್ಳುವವರು ಇದ್ದಾರೆ," ಎಂದರು ದೊಡ್ಡಪ್ಪ.

ನನಗೆ ಜನರೆದುರು ಮಾತು ಕಡಿಮೆ. ಆದರೂ ಹೇಳಿದೆ. "ಮಳೆಗಾಲದಲ್ಲಿ ಕರ್ಣಕುಂಡಲ ಹೂಬಿಟ್ಟಿದ್ದಾಗ ಜೇನು ಬರ್ತಿತ್ತು. ಈಗ ತುಳಸಿಗೆ ಬಂದು, ಒಂದು ಸುತ್ತು ಹಾಕಿ, ಹಾಗೇ ಹೋಗ್ತದೆ. ಕದಿರು ನಮ್ಮ ಬುಟ್ಟಿಯಲ್ಲಿರ್ತದೆ."

ದೊಡ್ಡಮ್ಮ ಬುಟ್ಟಿ ನೋಡಿದರು. "ಪೂಜೆಯ ತುಳಸಿಯಲ್ಲಿ ಕದಿರು ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಬೇಡ ಬಿಡಿ," ಎಂದರು ಅನುರಾಧಕ್ಕ. " ಪಕ್ಕದಲ್ಲಿ ಕಾಮಕಸ್ತೂರಿ ಇಡಿ, ಅದರ ಹೂ ಮಾತ್ರ ಕೀಳಬೇಡಿ. ನಮ್ಮನೇದು ಹೂಬಿಟ್ಟಿದೆ, ಕುಂಡಾನೇ ತಂದಿಡ್ತೀನಿ. ಆದ್ರೆ ಜೇನಿಗೆ ವರ್ಷವಿಡೀ ಊಟ ಬೇಕಲ್ಲ. ಬೇಸಿಗೆಗೆ ಹತ್ತು ಗಂಟೆ ಹೂ ಹಾಕಿ. ಮಳೆಗೆ ಕರ್ಣಕುಂಡಲ ಇದ್ದೇ ಇದೆ. ದಸರಾ ಹೊತ್ತಿಗೆ ಚೆಂಡುಹೂ, ಒಂದೇ ಸುತ್ತು ದಳದ್ದು. ದಳ ಕಿಕ್ಕಿರಿದಿದ್ರೆ ಜೇನಿಗೆ ಒಳಗೆ ದಾರಿ ಸಿಗಲ್ಲ. ಚಳಿಗಾಲಕ್ಕೆ ಕೊತ್ತಂಬರಿ, ಸ್ವಲ್ಪ ಕೊಯ್ಯದೆ ಹೂವಿಗೆ ಬಿಡಿ."

"ಸಾರಿಗೆ?" ಎಂದರು ದೊಡ್ಡಪ್ಪ.

"ಉಳಿದದ್ದು ಸಾರಿಗೆ. ಹುಳದ ಔಷಧಿ ಮಾತ್ರ ಹೊಡೀಬೇಡಿ."

ಇರುವೆಗೆಂದು ತಂದಿದ್ದ ಸ್ಪ್ರೇ ಬಾಟಲಿಯನ್ನು ದೊಡ್ಡಪ್ಪ ಬೆನ್ನ ಹಿಂದೆ ಹಿಡಿದರು.

ಕಾಮಕಸ್ತೂರಿ ಬಂತು. ಕೆಲವು ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಸಣ್ಣ ಜೇನೊಂದು ಅದರಿಂದ ಎದ್ದು ಸೌತೆ ಹೂವಿನೊಳಗೆ ಇಳಿಯಿತು. ದೊಡ್ಡಮ್ಮ ನೀರಿನ ಚೊಂಬು ಹಿಡಿದು ಹಾಗೇ ನಿಂತುಬಿಟ್ಟರು. ಆಮೇಲೆ ದಿನವೂ ಬಂದವು.

ಈಗ ನಮ್ಮ ಅಡುಗೆಮನೆಯಲ್ಲಿ, ತಿಂಗಳುಗಟ್ಟಲೆ ಕೆಡದಿರಲೆಂದು ಕಟ್ಟಿದ ಸೌತೆಗಳು ತೂಗುತ್ತಿವೆ. ಬಾಳೆನಾರು ಸಿಗದೆ ಹೋಟೆಲಿನ ಪಾರ್ಸೆಲ್ ದಾರದಲ್ಲಿ ಕಟ್ಟಿದ್ದೇವೆ. ಹಣ್ಣಾದ ಒಂದನ್ನು ಒಡೆದು ಬೀಜ ತೆಗೆದೆವು. ಹಚ್ಚಲು ಬೂದಿಯನ್ನು ದೊಡ್ಡಪ್ಪನೇ ಹೋಟೆಲಿನ ತಂದೂರಿ ಒಲೆಯಿಂದ ತಂದರು. ಹತ್ತು ಗಂಟೆ ಹೂವಿನ ಕಡ್ಡಿಗಳನ್ನೂ ನೆಟ್ಟಾಗಿದೆ.

ನಿಮ್ಮ ಕಿಟಕಿಯಲ್ಲೂ ಒಂದೆರಡು ಕುಂಡ ಇರಬಹುದು. ಪ್ರತಿ ಕಾಲಕ್ಕೂ ಜೇನಿಗೆ ಒಂದು ಹೂ ಇರುವ ಹಾಗೆ ಗಿಡ ಆರಿಸಿ. ನಾಳೆ ಬೆಳಿಗ್ಗೆ ಹೂ ಕೀಳುವಾಗ, ಒಂದು ಕದಿರು ಗಿಡದಲ್ಲೇ ಬಿಡುತ್ತೀರಾ?