ರಕ್ತ ಕಾಯುತ್ತಿದ್ದ ಜಾಗ

ಆಸ್ಪತ್ರೆಯಲ್ಲಿ ಯಾವ ರಿಪೋರ್ಟು ತಡವಾದರೂ ಬೈಗುಳ ಬಂದು ಬೀಳುತ್ತಿದ್ದುದು ಲ್ಯಾಬಿನ ಅಕ್ಕನ ತಲೆಯ ಮೇಲೆ. ರಕ್ತ ಪರೀಕ್ಷೆ ಮಾಡುವವಳು ಅವಳು, ಹಾಗಾಗಿ ತಪ್ಪೂ ಅವಳದೇ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದರು. ಬೆನ್ನ ಹಿಂದೆ ತನ್ನನ್ನು 'ಆಮೆ' ಅನ್ನುವುದೂ ಅವಳ ಕಿವಿಗೆ ಬಿದ್ದಿತ್ತು. ಕೇಳಿ ಕೇಳಿ ಅವಳೂ ಅದನ್ನೇ ನಂಬತೊಡಗಿದ್ದಳು.

ಹೊಸದಾಗಿ ಬಂದ ದೊಡ್ಡ ಡಾಕ್ಟರಮ್ಮ ಇದನ್ನು ಸರಿಮಾಡಬೇಕೆಂದು ಹೊರಟಾಗ, ಹೊಸ ಯಂತ್ರ ತರಿಸಿ ಎಂದರು ಕೆಲವರು. ಆಳನ್ನೇ ಬದಲಿಸಿ ಎಂದರು ಇನ್ನು ಕೆಲವರು. ಡಾಕ್ಟರಮ್ಮ ಎರಡಕ್ಕೂ ಒಪ್ಪಲಿಲ್ಲ. ಒಂದು ವಾರ ಯಾರೂ ಏನನ್ನೂ ಬದಲಿಸಕೂಡದು, ಈಗ ಹೇಗಿದೆಯೋ ಹಾಗೇ ನಡೆಯಲಿ. ರಕ್ತ ತೆಗೆದಾಗ, ಅದು ಲ್ಯಾಬು ಮುಟ್ಟಿದಾಗ, ರಿಪೋರ್ಟು ಹೊರಬಿದ್ದಾಗ ಗಡಿಯಾರ ನೋಡಿ ಚೀಟಿಯ ಮೇಲೆ ಹೊತ್ತು ಬರೆದರೆ ಸಾಕು ಎಂದರು.

ಅಕ್ಕ ಮನೆಗೆ ಹೋದವಳೇ, ತನ್ನನ್ನು ತೆಗೆದುಹಾಕಲು ನೆಪ ಹುಡುಕುತ್ತಿದ್ದಾರೆ ಎಂದು ಅತ್ತೆಯ ಮುಂದೆ ಅತ್ತುಬಿಟ್ಟಳು. ಬಟ್ಟೆ ಮಡಚುತ್ತಿದ್ದ ಅತ್ತೆ ಕೈ ನಿಲ್ಲಿಸಲಿಲ್ಲ.

"ಜ್ವರ ಎಷ್ಟಿದೆ ಅಂತ ನೋಡದೆ ಮಾತ್ರೆ ನುಂಗಿಸೋರಿಗಿಂತ ಅವರು ವಾಸಿ ಕಣಮ್ಮ. ಇದ್ದದ್ದನ್ನ ಇದ್ದ ಹಾಗೆ ಬರಿ."

ಆ ವಾರ ಕೈ ಚುರುಕು ಮಾಡುವ ಆಸೆ ಅವಳಿಗೆ ಆಗಲಿಲ್ಲವೆಂದಲ್ಲ. ಆದರೂ ಎಂದಿನ ಹಾಗೇ ಕೆಲಸ ಮಾಡಿದಳು, ಕಂಡದ್ದನ್ನೇ ಬರೆದಳು.

ವಾರ ಮುಗಿದ ಮೇಲೆ ಡಾಕ್ಟರಮ್ಮ ಎಲ್ಲರನ್ನೂ ತಮ್ಮ ಕೋಣೆಗೆ ಕರೆದು ಚೀಟಿಗಳನ್ನು ಹರಡಿ ತೋರಿಸಿದರು. ರಕ್ತ ಹೆಚ್ಚು ಹೊತ್ತು ಕೂತಿದ್ದುದು ವಾರ್ಡಿನ ಟ್ರೇನಲ್ಲಿ. ಕಡೆಯ ಹಾಸಿಗೆಯವರ ರಕ್ತ ತೆಗೆಯುವವರೆಗೂ ಮೊದಲನೆಯವರದು ಅಲ್ಲೇ ಕಾಯುತ್ತಿತ್ತು. ಹಾಗೆ ನಡೆದುಬಂದಿತ್ತು, ಯಾರೂ ಬೇಕೆಂದು ಮಾಡಿದ್ದಲ್ಲ.

"ಮಧ್ಯಾಹ್ನದ ಹೊತ್ತು ನನ್ನ ಹತ್ರಾನೂ ತಡ ಆಗುತ್ತೆ, ಮೇಡಂ," ಎಂದಳು ಅಕ್ಕ, ನೆಲ ನೋಡುತ್ತ.

"ಹೌದು, ಅದೂ ಕಾಣ್ತಿದೆ. ಒಬ್ಬರೇ ಇದ್ದೀರಲ್ಲ, ಅದಕ್ಕೂ ದಾರಿ ಹುಡುಕೋಣ. ಮೊದಲು ಟ್ರೇ."

ಮರುದಿನದಿಂದ ಐದಾರು ಟ್ಯೂಬು ತುಂಬುತ್ತಲೇ ಲ್ಯಾಬಿಗೆ ಬರತೊಡಗಿದವು. ಅವಳನ್ನು ಹೆಚ್ಚು ಬೈಯುತ್ತಿದ್ದ ವಾರ್ಡಿನ ಹಿರಿಯ ನರ್ಸೇ ಒಮ್ಮೆ ಟ್ಯೂಬು ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಒಂದು ಲೋಟ ಚಹಾ. ಅದನ್ನು ಅಕ್ಕನ ಮುಂದಿಟ್ಟು ಹೋದಳು.

ಸಂಜೆ ಅಕ್ಕ ಡಾಕ್ಟರಮ್ಮನ ಬಾಗಿಲಲ್ಲಿ ನಿಂತಳು.

"ಬೈಯೋಕೆ ಮುಂಚೆ ನೀವು ನೋಡಿದ್ರಿ, ಮೇಡಂ. ಇಷ್ಟು ವರ್ಷದಲ್ಲಿ ಯಾರೂ ನೋಡಿರಲಿಲ್ಲ."

ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡರು. ಮುಂದಿನ ತಿಂಗಳು ಇದೇ ರೀತಿ ಮತ್ತೆ ಒಂದು ವಾರ ಹೊತ್ತು ಬರೆಯಬೇಕು, ಎರಡೂ ವಾರದ ಚೀಟಿ ಪಕ್ಕಪಕ್ಕ ಇಟ್ಟರೆ ತಾನೇ ಸುಧಾರಿಸಿತೋ ಇಲ್ಲವೋ ತಿಳಿಯುವುದು, ಆ ಹೊಣೆ ನೀವೇ ಹೊರುತ್ತೀರಾ ಎಂದು ಕೇಳಿದರು. ಅಕ್ಕ ಕಣ್ಣೊರೆಸಿಕೊಂಡು ಹೂಂ ಎಂದಳು.