ಕೊನೇ ಕೋಣೆಯ ಸಹಿ

“ಎಡಕ್ಕೆ ವಾಲಿಸ್ರೋ, ಚೌಕಟ್ಟಿಗೆ ತಾಗ್ತಿದೆ!” ಎಂದು ಪ್ಲಂಬರ್ ಕೂಗಿದ. ಆರು ಜನ ಹೊತ್ತಿದ್ದ ಶವಪೆಟ್ಟಿಗೆ ಬಾಗಿಲಲ್ಲೇ ಸಿಕ್ಕಿಕೊಂಡಿತ್ತು. ಕಟ್ಟಡ ಕಟ್ಟಿಯೇ ಕೂದಲು ಹಣ್ಣಾದವರು ಆರೂ ಜನ. ಬಾಗಿಲ ಅಗಲ ಅಳೆಯಬೇಕೆಂದು ಒಬ್ಬನಿಗೂ ಹೊಳೆದಿರಲಿಲ್ಲ.

“ಅಕ್ಕ ಇದ್ದಿದ್ರೆ ನಿನ್ನೆಯೇ ಟೇಪು ಹಿಡಿಸಿರೋರು,” ಎಂದಳು ಸಹಾಯಕಿ. ಅಳುತ್ತಿದ್ದವರೂ ನಕ್ಕುಬಿಟ್ಟರು. ಪೆಟ್ಟಿಗೆ ಓರೆಯಾಗಿ ಹೊರಗೆ ಬಂತು.

ಅದರಲ್ಲಿ ಮಲಗಿದ್ದವಳು ಇಪ್ಪತ್ತಾರು ವರ್ಷ ಒಂದೇ ಕಂಪನಿಯಲ್ಲಿ, ಒಂದೇ ಹುದ್ದೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದವಳು. ಸೈಟಿನವರಿಗೆಲ್ಲ ಅಕ್ಕ. ಸಹಾಯಕಿ ಅವಳ ಕೈಕೆಳಗೆ ಒಂಬತ್ತು ವರ್ಷ ಪಳಗಿದ್ದಳು. ಈಗಿನ ಡೈರೆಕ್ಟರೂ ಒಂದು ಕಾಲಕ್ಕೆ ಅಲ್ಲೇ ಕೆಲಸ ಕಲಿತವನು. ಅವನು ಪೆಟ್ಟಿಗೆಯ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ.

“ಪ್ರತಿಭೆ ಬೇಕಾದಷ್ಟಿತ್ತು. ಯಾಕೋ ಬೆಳೀಲೇ ಇಲ್ಲ.”

“ನಾನೂ ಬಡ್ಕೊಂಡೆ,” ಎಂದು ಅಕ್ಕನ ಒಡಹುಟ್ಟಿದ ತಂಗಿ ಮೂಗೊರೆಸಿಕೊಂಡಳು. “ಮೂರು ಸಲ ಬಡ್ತಿ ಮನೆ ಬಾಗಿಲಿಗೆ ಬಂತು. ಮೂರು ಸಲಾನೂ ಒದ್ದಳು. ಇವಳ ಹತ್ರ ಕಲಿತೋರು ಕಾರಲ್ಲಿ ಓಡಾಡ್ತಾರೆ, ಇವಳಿಗೆ ಕೊನೇವರೆಗೂ ಬಸ್ಸೇ ಗತಿ.”

ಸಹಾಯಕಿಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಡೈರೆಕ್ಟರ್ ಅವಳನ್ನು ಕಾಂಪೌಂಡಿನ ಮೂಲೆಗೆ ಕರೆದು ಎರಡು ಕಾಗದ ತೋರಿಸಿದ. ಒಂದು, ಐದು ಮ್ಯಾನೇಜರುಗಳ ಮೇಲೆ ಅವಳನ್ನು ಮುಖ್ಯಸ್ಥೆ ಮಾಡುವ ಆದೇಶ. ಇನ್ನೊಂದು, ಮಕ್ಕಳ ಆಸ್ಪತ್ರೆಯ ಹೊಸ ಕಟ್ಟಡ ಮುಗಿಯಿತೆಂಬ ಪತ್ರ.

“ಇದಕ್ಕೆ ಸಹಿ ಹಾಕು, ಅದು ನಿನ್ನದು. ಸಂಜೆ ಐದಕ್ಕೆ ಆಸ್ಪತ್ರೆಯವರಿಗೆ ಕೊಡ್ಬೇಕು. ನಾಡಿದ್ದು ಮಕ್ಕಳನ್ನ ಸಾಗಿಸ್ತಾರೆ.”

“ಬೆಂಕಿ ಆರಿಸೋ ಪೈಪಲ್ಲಿ ಆರನೇ ಮಹಡಿಗೆ ನೀರೇ ಏರ್ತಿರ್ಲಿಲ್ಲ. ಅದಕ್ಕೇ ಅಲ್ವಾ ಅಕ್ಕ ಸಹಿ ಹಾಕದೇ ಇದ್ದಿದ್ದು?”

“ಈಗ ಏರ್ತಿದೆ, ರಿಪೋರ್ಟ್ ಬಂದಿದೆ.”

“ಕಣ್ಣಾರೆ ನೋಡಿದೋರು ಯಾರು?”

“ನಿನಗೂ ನಲವತ್ತಾಯ್ತಮ್ಮ. ಅಕ್ಕನ ಥರ ಹಟ ಹಿಡಿದ್ರೆ ಅವರ ಥರಾನೇ ಉಳೀತೀಯ.”

ಆ ಆದೇಶ ಅವಳಿಗೆ ಬೇಕಿತ್ತು. ಸುಳ್ಳೇಕೆ, ತುಂಬಾ ಬೇಕಿತ್ತು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತವಳಿಗೆ ಒಂದು ಕುರ್ಚಿಯ ಆಸೆ ತಪ್ಪೂ ಅಲ್ಲ.

*

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳು ಒಂದು ಶಾಲೆಯ ಬಚ್ಚಲುಮನೆಗಳು ಮುಗಿದವೆಂದು ಆಫೀಸಿನಲ್ಲೇ ಕೂತು ಸಹಿ ಹಾಕಿದ್ದಳು. ಮರುದಿನ ಅಕ್ಕ ತುಟಿಪಿಟಕ್ಕೆನ್ನದೆ ಬಸ್ಸು ಹತ್ತಿಸಿ, ಆ ಕಟ್ಟಡದ ತೀರ ಕೊನೆಯ ಕೋಣೆಗೆ ಕರೆದುಕೊಂಡು ಹೋದಳು.

“ನಲ್ಲಿ ತಿರುಗಿಸು.”

ತಿರುಗಿಸಿದರೆ ನಲ್ಲಿ ಕೈಗೇ ಬಂತು. ಹಿಂದೆ ಪೈಪೇ ಇರಲಿಲ್ಲ, ಬರೀ ಗೋಡೆ. ಸಹಾಯಕಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

“ಇನ್ಮೇಲೆ ಮುಗೀತು ಅಂತ ಸಹಿ ಹಾಕೋದಾದ್ರೆ ಕೊನೇ ಕೋಣೇಲಿ ನಿಂತು ಹಾಕು,” ಎಂದಳು ಅಕ್ಕ. “ಅಲ್ಲೀತನಕ ನಡೆಯೋಕಾಗದಷ್ಟು ದೊಡ್ಡ ಮನುಷ್ಯಳಾದ್ರೆ ಸಹಿ ಹಾಕೋದೇ ಬಿಡು.”

ಬಸ್ಸಿನಲ್ಲಿ ವಾಪಸು ಬರುವಾಗ ಸಹಾಯಕಿ ಅಳುಕುತ್ತಲೇ ಕೇಳಿದಳು, “ಅದಕ್ಕೇನಾ ಅಕ್ಕ, ಬಡ್ತಿ ಬೇಡ ಅಂದಿದ್ದು?”

“ಬೇಡ ಅಂದೆ ಅಂತ ಯಾವಳು ಹೇಳಿದ್ದು? ಮೇಲೆ ಹೋದ್ರೂ ಕೊನೇ ಕೋಣೆ ಬಿಡಲ್ಲ, ಒಪ್ತೀರಾ ಅಂತ ಕೇಳ್ದೆ. ಅವರು ಒಪ್ಪಲಿಲ್ಲ.” ಅಕ್ಕ ಕಿಟಕಿಯಾಚೆ ನೋಡಿದಳು. “ಆಸೆ ನನಗೂ ಇತ್ತು ಕಣೇ.”

*

ಮಣ್ಣು ಮುಚ್ಚಿ ಮುಗಿಯುವಾಗ ನಾಲ್ಕು ಗಂಟೆ. ಸಹಾಯಕಿ ಕೈ ಒರೆಸಿಕೊಂಡು ಡೈರೆಕ್ಟರ್ ಎದುರು ನಿಂತಳು.

“ಸಹಿ ಹಾಕ್ತೀನಿ ಸರ್.”

ಅವನ ಮುಖ ಅರಳಿತು. ಪೆನ್ನು ಚಾಚಿದ.

“ಇಲ್ಲಿ ಅಲ್ಲ. ಆರನೇ ಮಹಡೀಲಿ. ಬನ್ನಿ, ಇನ್ನೂ ಟೈಮಿದೆ.”

“ನಿನಗೂ ಬಡ್ತಿ ಬೇಡ್ವೇನೇ ತಾಯಿ?” ಎಂದು ತಂಗಿ ಹಣೆ ಚಚ್ಚಿಕೊಂಡಳು.

“ಬೇಕಮ್ಮ. ನಿಮ್ಮಕ್ಕನಿಗೂ ಬೇಕಿತ್ತು.” ಬಸ್ಸಿನಲ್ಲಿ ಕೇಳಿದ ಮಾತನ್ನು ಸಹಾಯಕಿ ಇದ್ದದ್ದು ಇದ್ದ ಹಾಗೆ ಹೇಳಿದಳು.

ತಂಗಿ ಸೆರಗು ಸಿಕ್ಕಿಸಿಕೊಂಡಳು. “ನಡಿ, ನಾನೂ ಬರ್ತೀನಿ. ಇಷ್ಟು ವರ್ಷ ಬೈದಿದೀನಿ, ಅವಳ ಕೆಲಸ ಒಂದ್ಸಲಾನೂ ನೋಡಿಲ್ಲ.”

ಆಸ್ಪತ್ರೆಯ ಹೊಸ ಕಟ್ಟಡದ ಲಿಫ್ಟಿಗೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ. ನಾಲ್ಕನೇ ಮಹಡಿಯಲ್ಲಿ ಡೈರೆಕ್ಟರ್ ಪತ್ರ, ಪೆನ್ನು ಸಹಾಯಕಿಯ ಕೈಗೆ ಕೊಟ್ಟು, ಕಂಬಿ ಹಿಡಿದು ನಿಂತುಬಿಟ್ಟ. ಸಹಾಯಕಿ, ಪ್ಲಂಬರ್, ತಂಗಿ ಮೇಲೆ ಹತ್ತಿದರು. ಕೊನೇ ಕೋಣೆಯಲ್ಲಿ ಪುಟ್ಟ ಪುಟ್ಟ ಹಾಸಿಗೆಗಳು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ.

ಪ್ಲಂಬರ್ ಗೋಡೆಯಲ್ಲಿ ಸುತ್ತಿಟ್ಟಿದ್ದ ಬೆಂಕಿ ಆರಿಸುವ ರಬ್ಬರ್ ಪೈಪನ್ನು ಬಿಚ್ಚಿ, ಅದರ ಕೆಂಪು ಚಕ್ರವನ್ನು ಪೂರ್ತಿ ತಿರುಗಿಸಿದ. ಪೈಪು ಬುಸ್ಸೆಂದು ಗಾಳಿ ಬಿಟ್ಟಿತು. ತಂಗಿ ಅಂಗೈ ಒಡ್ಡಿದಳು. ತುಕ್ಕಿನ ಬಣ್ಣದ ಎರಡು ಹನಿ ಬಿದ್ದವು, ಅಷ್ಟೇ.

ಸಹಾಯಕಿ ಪತ್ರವನ್ನು ಗೋಡೆಗೆ ಒತ್ತಿ ಹಿಡಿದು, ಸಹಿಯ ಜಾಗದಲ್ಲಿ ‘ನೀರು ಬಂದಿಲ್ಲ. ಕೆಲಸ ಮುಗಿದಿಲ್ಲ’ ಎಂದು ಬರೆದಳು. ಕೆಳಗೆ ತನ್ನ ಪೂರ್ತಿ ಹೆಸರು, ತಾರೀಖು, ಗಂಟೆ.

“ಆಯ್ತೇನಮ್ಮಾ?” ಎಂದು ಕೆಳಗಿನಿಂದ ಏದುಸಿರಿನ ದನಿ ಬಂತು.

“ಆಯ್ತು ಸರ್. ಬಂದು ನೋಡಿ.”

ಮೆಟ್ಟಿಲ ಮೇಲೆ ಬೂಟಿನ ಸದ್ದು ನಿಧಾನವಾಗಿ ಏರತೊಡಗಿತು. ತಂಗಿ ಒಂದು ಪುಟ್ಟ ಹಾಸಿಗೆಯ ಅಂಚಿಗೆ ಕೂತು, ಒಣಗಿದ ಪೈಪಿನ ಬಾಯನ್ನು ಬಾಗಿಲ ಕಡೆ ತಿರುಗಿಸಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.